ಬೇರೆ ಊರಿನ ನೂಲು

ರತ್ನಾಬಾಯಿ ಕ್ರೋಶಾ ಕಡ್ಡಿಯಲ್ಲಿ ಹೆಣೆಯುತ್ತಿದ್ದ ಜಾಲರಿ ಶಾಲಿಗೆ ಧಾರವಾಡದ ನೂಲು ಅರ್ಧಕ್ಕೇ ಮುಗಿಯಿತು. ಪ್ರಯಾಣದ ನಡುವೆ ಮಂಗಳೂರಿನಲ್ಲಿ ಇಳಿದು ಹೊಸ ಉಂಡೆ ಕೊಂಡಳು. ಅದನ್ನು ಕಂಡ ಶಾಲು ತನ್ನ ಕುಣಿಕೆಗಳನ್ನು ಬಿಗಿಹಿಡಿಯಿತು. ಕಡ್ಡಿ ಒಳಹೋಗಲಾರದೆ ನಿಂತಿತು.

“ನಮ್ಮೂರಿನ ನೂಲಲ್ಲದೆ ಬೇರೆ ನನಗೆ ಬೇಡ,” ಎಂದಿತು ಶಾಲು.

“ನಿಮ್ಮೂರಿನ ಅಂಗಡಿ ಹೇಗಿತ್ತು?” ಎಂದು ಉಂಡೆ ಕೇಳಿತು.

ಈವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಮರದ ಕಪಾಟು, ಮಧ್ಯಾಹ್ನದ ಬಿಸಿಲು, ಪಕ್ಕದಲ್ಲಿ ಒರಗಿರುತ್ತಿದ್ದ ನೀಲಿ ಉಂಡೆ, ಎಲ್ಲವನ್ನೂ ಶಾಲು ಹೇಳಿತು. ಹೇಳುತ್ತ ಹೇಳುತ್ತ ಕುಣಿಕೆಗಳು ಸಡಿಲವಾದವು. ಕಡ್ಡಿ ಹೊಸ ನೂಲನ್ನು ಒಳಗೆ ಸೆಳೆದುಕೊಂಡಿತು.

ಸಾಲು ಮುಗಿದಾಗ ಉಂಡೆ ಮೌನವಾಗಿರುವುದು ಶಾಲಿನ ಗಮನಕ್ಕೆ ಬಂತು.

“ನೀನೂ ಇವತ್ತೇ ಮನೆ ಬಿಟ್ಟು ಬಂದಿದ್ದೀಯಲ್ಲವೇ?” ಎಂದಿತು. “ಈಗ ನಿನ್ನ ಅಂಗಡಿಯ ಕಥೆ ಹೇಳು. ಇನ್ನೂ ಅರ್ಧ ಶಾಲು ಬಾಕಿಯಿದೆ.”