ಗಣತಿಗೆ ಸೇರದ ಹೆಗಲು

ಪ್ರೋಟಾನ್ ಎಂಬ ಪುಟ್ಟ ಮನೆಯಲ್ಲಿ ಕ್ವಾರ್ಕುಗಳೆಂಬ ಮೂವರು ಸೂಕ್ಷ್ಮ ಕಣಗಳು ಕಾಯಂ ಆಗಿ ವಾಸವಾಗಿದ್ದರು: ಅಪ್ ಎಂಬ ಹೆಸರಿನ ಅಣ್ಣತಮ್ಮಂದಿರಿಬ್ಬರು, ಡೌನ್ ಎಂಬ ತಂಗಿ. ಸ್ಟ್ರೇಂಜ್ ಎಂಬ ಇನ್ನೊಬ್ಬ ಕ್ವಾರ್ಕ್ ಮಾತ್ರ ತನ್ನ ಜೋಡಿಯಾದ ಪ್ರತಿಕ್ವಾರ್ಕಿನೊಡನೆ ಆಗಾಗ ಬಂದು, ಮನೆಯ ಭಾರಕ್ಕೆ ಒಂದು ಗಳಿಗೆ ಹೆಗಲು ಕೊಟ್ಟು, ಮಾಯವಾಗುತ್ತಿದ್ದಳು.

ಒಂದು ದಿನ ಜನಗಣತಿಗೆ ಬಂದ ಎಲೆಕ್ಟ್ರಾನ್ ಬಾಗಿಲು ತಟ್ಟಿದ. "ಈ ಮನೆಯ ಭಾರ ಹೊರುವವರು ಎಷ್ಟು ಜನ?"

"ಮೂವರೇ ಸ್ವಾಮಿ," ಎಂದ ಹಿರಿಯ ಅಪ್, ಎದೆಯುಬ್ಬಿಸಿ.

"ಮತ್ತೆ ಆ ಮೂಲೆಯಲ್ಲಿ ತೊಲೆಗೆ ಹೆಗಲು ಕೊಟ್ಟು ನಿಂತವಳು?"

"ಅವಳಾ? ಬಂದು ಹೋಗುವವಳು. ಬರೆದುಕೊಳ್ಳುವಂಥದ್ದೇನಿಲ್ಲ."

ಸ್ಟ್ರೇಂಜ್‌ಗೆ ಅದು ಕೇಳಿಸಿತು. "ಅಣ್ಣ ಹೇಳಿದ್ದು ಸರಿ ಸ್ವಾಮಿ," ಎಂದವಳೇ ಜೋಡಿಯೊಡನೆ ಮಾಯವಾದಳು. ತೊಲೆ ಕೂದಲೆಳೆಯಷ್ಟು ಕುಸಿಯಿತು. ಹಿರಿಯ ಅಪ್‌ನ ಹೆಗಲಿಗೆ ಅದು ಗೊತ್ತಾಯಿತು, ಮುಖ ಕೆಂಪಾಯಿತು.

"ಮೂವರು ಅಂತಲೇ ಬರೆಯಲಾ?" ಎಂದ ಎಲೆಕ್ಟ್ರಾನ್.

"ಬೇಡ ಸ್ವಾಮಿ, ತಪ್ಪಾಯಿತು. ಅವಳನ್ನೂ ಬರೆದುಕೊಳ್ಳಿ."

"ಯಾವಾಗಿನಿಂದ ಬರುತ್ತಾಳೆ?"

ಅಪ್ ತಲೆ ಎತ್ತಲಿಲ್ಲ. "ಮನೆ ಕಟ್ಟಿದ ದಿನದಿಂದ. ಕೂತುಕೋ ಅಂತ ನಾನು ಅವಳಿಗೆ ಒಮ್ಮೆಯೂ ಹೇಳಿಲ್ಲ."