ಬಾಣಂತಿ ಒಲೆ ಗುಡ್ಡ

ನಮ್ಮೂರ ಪಡುವಣಕ್ಕಿರುವ ಬೋಳು ಗುಡ್ಡದ ನೆತ್ತಿಯಲ್ಲಿ ಹೊಗೆಗೆ ಕಪ್ಪಾದ ಮೂರು ಕಲ್ಲುಗಳಿವೆ. ಕೌದಿಯಜ್ಜ ತಮ್ಮ ಹಿರಿಯರ ಕನಸಿನಲ್ಲಿ ಬಂದು ಇಲ್ಲಿ ಒಲೆ ಹೂಡಲು ಹೇಳಿದನೆಂದು ನಾಯಕರ ಮನೆತನದವರು ಪಕ್ಕದಲ್ಲೇ ಫಲಕ ನೆಡಿಸಿದ್ದಾರೆ. ನಾಡು ಕಾಯುವ ಆ ಸಂತನ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ, ಆ ಕನಸಿನ ಮೇಲಿಲ್ಲ. ದೊರೆಗಳಿಗೆ ಬೀಳುವ ಕನಸುಗಳು ಯಾವಾಗಲೂ ದೊರೆಗಳಿಗೆ ಅನುಕೂಲವಾಗಿಯೇ ಇರುತ್ತವೆ.

ಹಿಂದೆ ಒಮ್ಮೆ, ಇದು ಹನ್ನೆರಡು ಹಳ್ಳಿಗಳ ಪಾಳೆಯಪಟ್ಟಾಗಿದ್ದಾಗ, ಹರಕು ಕೌದಿ ಹೊದ್ದು ತಿರುಗುತ್ತಿದ್ದ ಈ ಅಜ್ಜ ಹೆಂಗಸರಿಗೆ, “ವರ್ಷಕ್ಕೊಂದು ದಿನ ಒಲಿ ಹಚ್ಚಬ್ಯಾಡ್ರೆವ್ವಾ, ಸುಮ್ಮನ ಕೂಡ್ರಿ” ಎಂದನಂತೆ. ಆತ ಸಮಾಧಿಯಾದ ಮೇಲೆ ಪಾಳೆಯಗಾರ ಮಲಕಪ್ಪ ನಾಯಕ ಆ ದಿನವನ್ನು ನಾಡಿಗೆಲ್ಲ ರಜೆಯೆಂದು ಡಂಗುರ ಸಾರಿಸಿದ. ಹಿಂದಿನ ದಿನ ತಟ್ಟಿದ ರೊಟ್ಟಿ, ಮೊಸರು, ಶೇಂಗಾ ಚಟ್ನಿ ತಿಂದು ಜನ ಹಾಯಾಗಿದ್ದರು. ನಾಯಕನಿಗೆ ಮಾತ್ರ ನೆಮ್ಮದಿಯಿಲ್ಲ, ತನ್ನ ನೆರಳನ್ನೂ ನಂಬದ ಮನುಷ್ಯ ಆತ. ಗುಡ್ಡದ ಮೇಲೆ ಕಾವಲು ಕೂರಿಸಿ, ಹೊಗೆ ಎದ್ದ ಮನೆಯವರನ್ನು ನಾಡಿನಿಂದಲೇ ಅಟ್ಟುತ್ತಿದ್ದ. ಸಂತ ಕೊಟ್ಟ ವಿಶ್ರಾಂತಿಯನ್ನು ಶಿಕ್ಷೆ ಮಾಡಿಟ್ಟನಲ್ಲ ಎಂದು ಈಗ ನೆನೆದರೂ ನನಗೆ ಸಿಟ್ಟು ಬರುತ್ತದೆ.

ಒಂದು ವರ್ಷ ಕುಂಬಾರ ಸಾತವ್ವನ ಮನೆಯಿಂದ ಹೊಗೆ ಎದ್ದಿತು. ಕಾವಲಿನವರು ಒಲೆಗೆ ನೀರು ಸುರಿದು ಅವಳನ್ನು ಗುಡ್ಡಕ್ಕೆ ಎಳೆತಂದರು. “ಯಾವ ವೈರಿಗೆ ಸನ್ನೆ ಮಾಡಿದಿ?” ಎಂದು ನಾಯಕ ಗದರಿದ.

“ಸನ್ನೆ ಅಲ್ರಿ ಧಣಿ, ಬಿಸಿನೀರು. ಸೊಸಿ ಹಡದು ಎರಡು ದಿನ ಆತು, ಥಂಡಿ ಹತ್ತಿ ನಡುಗಾಕತ್ತಾಳ. ತಡಾ ಮಾಡಿದ್ರ ಉಳಿಯಂಗಿಲ್ಲ.”

ನಾಯಕ ನಂಬಲಿಲ್ಲ. “ಹಂಗಾರ ನಿಮ್ಮ ಕಣ್ಣ ಮುಂದ ಕಾಸ್ತೀನಿ, ನೋಡಕೋತ ಕೂಡ್ರಿ” ಎಂದವಳೇ ಸಾತವ್ವ ಮೂರು ಕಲ್ಲು ಹೂಡಿ, ಗಡಿಗೆ ತರಿಸಿ ಬೆಂಕಿ ಹಚ್ಚಿದಳು. ನೀರು ಹಬೆಯಾಡಿದರೂ ನಾಯಕನ ಅನುಮಾನ ಆರಲಿಲ್ಲ. ಗಡಿಗೆಯ ತಳದಲ್ಲಿ ಏನೋ ಅಡಗಿಸಿದ್ದಾಳೆಂದು ಕೈ ಹಾಕಿಯೇ ಬಿಟ್ಟ.

“ಬಿಸಿ ಐತೇನ್ರಿ ಧಣಿ?” ಎಂದು ಸಾತವ್ವ ಕೇಳಿದಳು ಎನ್ನುತ್ತಾರೆ. ಬೆರಳು ಬಾಯಲ್ಲಿಟ್ಟುಕೊಂಡವನು ಹೋಗೆಂದು ಇನ್ನೊಂದು ಕೈ ಬೀಸಿದ. ಅವಳು ಗಡಿಗೆ ಹೊತ್ತು ಇಳಿದಳು. ಸೊಸೆ ಉಳಿದಳು.

ಇಂದಿಗೂ ಅಜ್ಜನ ದಿನ ಹನ್ನೆರಡು ಹಳ್ಳಿಗಳಲ್ಲಿ ಒಲೆ ಹೊತ್ತುವುದಿಲ್ಲ, ಉರಿಯುವುದು ಈ ಮೂರು ಕಲ್ಲಿನ ನಡುವೆ ಮಾತ್ರ. ಕೆಳಗಿನ ಕೇರಿಯ ಬಾಣಂತಿಯರಿಗೆ ನೀರು ಇಲ್ಲಿಂದಲೇ ಹೋಗಬೇಕು. ಅದಕ್ಕೆ ಮೊದಲು ನಾಯಕರ ಮನೆತನದ ಹಿರಿಯರು ಗಡಿಗೆಗೆ ಬೆರಳದ್ದಬೇಕು. ಹದ ನೋಡುವ ಶಾಸ್ತ್ರವೆಂದು ಅವರ ವಿವರಣೆ. ಬಾಣಂತಿ ನೀರಿನ ಹದವನ್ನು ರುಮಾಲು ಸುತ್ತಿದ ಗಂಡಸರು ನೋಡುವುದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಅವರು ಬೆರಳನ್ನು ಸರಕ್ಕನೆ ಹಿಂದೆಗೆದಾಗ, ಗಡಿಗೆ ಹೊರಲು ನಿಂತ ಕುಂಬಾರರ ಮುದುಕಿಯೊಬ್ಬಳು ವರ್ಷವೂ ಬಹಳ ವಿನಯದಿಂದ ಕೇಳುತ್ತಾಳೆ: “ಬಿಸಿ ಐತೇನ್ರಿ ಧಣಿ?”