ರೂಟರಿನ ಹಸಿರು ದೀಪ

ಮಲಪ್ರಭೆಯ ದಂಡೆಯಲ್ಲೊಂದು ಮಠ. ಮೊಬೈಲ್ ಸಿಗ್ನಲ್ ಸಿಗದ ಜಾಗ. ಹೊರಲೋಕಕ್ಕಿದ್ದ ದಾರಿ ಒಂದೇ, ಗೋಡೆಯ ಮೇಲಿನ ವೈಫೈ ರೂಟರು. ಅದರ ಉಸ್ತುವಾರಿ ಶಿಷ್ಯ ಪರ್ವತಯ್ಯನದು.

ಅಂದು ನಾಲ್ಕಕ್ಕೆ ನೀಲಗಂಗವ್ವನಿಗೆ ಹೃದಯದ ಆಪರೇಷನ್. ನಲವತ್ತು ವರ್ಷದ ಹಿಂದೆ ಮಠದಲ್ಲಿ ಒಂದೇ ದಿನ ಇದ್ದು ಹೋದವಳು. ಒಳಗೆ ಹೋಗುವ ಮುನ್ನ ಗುರುಗಳ ಮುಖ ನೋಡಬೇಕೆಂದು ಆಸ್ಪತ್ರೆಯಿಂದ ವಿಡಿಯೋ ಕಾಲ್ ಮಾಡಿದ್ದಳು. ಮುಖ ಮೂಡುವಷ್ಟರಲ್ಲಿ ಚಿತ್ರ ಅಲ್ಲೇ ನಿಂತುಬಿಡುತ್ತಿತ್ತು. ಮಾತು ತುಂಡು ತುಂಡಾಗಿ ಬರುತ್ತಿತ್ತು.

ಪರ್ವತಯ್ಯ ರೂಟರನ್ನು ಆರಿಸಿ ಮತ್ತೆ ಹಚ್ಚಿದ. ವೈರು ಕಿತ್ತು ಸಿಕ್ಕಿಸಿದ. ಮಠದವರ ಫೋನೆಲ್ಲ ಬಂದ್ ಮಾಡಿಸಿದ. ಅಡುಗೆಯವನ ಧಾರಾವಾಹಿಯೂ ಅರ್ಧಕ್ಕೇ ನಿಂತಿತು. ಏನೂ ಬದಲಾಗಲಿಲ್ಲ.

"ಲೈನೇ ಸರಿ ಇಲ್ರಿ ಅಜ್ಜಾರ," ಎಂದು ಗುರುಗಳಿಗೆ ಹೇಳಿದ. ಗಂಟೆ ಮೂರೂವರೆ.

ಗುರುಗಳಿಗೆ ರೂಟರಿನ ಗಂಧಗಾಳಿಯೂ ಇರಲಿಲ್ಲ. ಅದರ ಮುಂದೆ ಹೋಗಿ ನಿಂತರು.

"ನಿನ್ನ ಕೈಯಾಗಿನ ಫೋನೂ ಬಂದ್ ಮಾಡು."

ಮಾಡಿದ.

"ಈಗ ಯಾರೂ ಮಾತಾಡವಲ್ರು, ಹೌದಲ್ಲೋ?"

"ಹೌದ್ರಿ."

"ಮತ್ತ ಈ ದೀಪ ಯಾಕ ಒಂದೇ ಸವನ ಮಿಣಿಮಿಣಿ ಅನ್ನಾಕತ್ತೈತಿ?"

ಪರ್ವತಯ್ಯನ ಮುಖ ಕಪ್ಪಿಟ್ಟಿತು. ಮಠದವರದ್ದನ್ನೆಲ್ಲ ಆರಿಸಿದವನು ತನ್ನ ಕೋಣೆಯ ಲ್ಯಾಪ್‌ಟಾಪನ್ನೇ ಮರೆತಿದ್ದ.

"ನಿಮ್ಮ ಪ್ರವಚನದ ವಿಡಿಯೋ ರಿ. ಎರಡು ವರ್ಷದ್ದು. ಒಂದು ಮಾತೂ ಕಳೀಬಾರ್ದಂತ ಇಂಟರ್ನೆಟ್ಟಿಗೆ ಏರಿಸಾಕ ಹಚ್ಚಿದ್ದೆ. ಲೈನೆಲ್ಲ ಅದ ತಿನ್ನಾಕತ್ತೈತ್ರಿ."

"ತಿರುಗಿ ಕೇಳೀಯೇನು?"

"ಹೊತ್ತ ಸಿಕ್ಕಿಲ್ರಿ."

ಪರ್ವತಯ್ಯ ಓಡಿಹೋಗಿ ಅದನ್ನು ನಿಲ್ಲಿಸಿ ಬಂದ. ದೀಪದ ಮಿಣಿಮಿಣಿ ನಿಂತಿತು.

ಮತ್ತೆ ಕಾಲ್ ಹಚ್ಚಿದಾಗ ನೀಲಗಂಗವ್ವನ ಮುಖದ ಒಂದೊಂದು ಸುಕ್ಕೂ ಕಂಡಿತು. ಗುರುಗಳು ಗಾಬರಿಯಿಂದ ಪರದೆಯತ್ತ ಬಾಗಿದರು. ಮಾತಾಡಿದವಳು ಅವಳೇ.

"ಅಂಜಬ್ಯಾಡ್ರಿ ಅಜ್ಜಾರ. ಉಸಿರು ಬಿಡೂವಾಗ ಅವಸರ ಮಾಡಬ್ಯಾಡ ಅಂದಿದ್ರಿ ನೀವು. ಅವತ್ತಿನಿಂದ ದಿನಾ ಮುಂಜಾನೆ ಅಷ್ಟ ಮಾಡ್ಕೋತ ಬಂದೀನಿ. ನನಗ ಏನೂ ಹೆದರಿಕಿ ಇಲ್ಲ."

ಕೈಮುಗಿದಳು. ಮೆಲ್ಲಗೆ ಉಸಿರು ಬಿಟ್ಟಳು. ಆ ಮುಖದ ನೆಮ್ಮದಿ ಕಂಡು ಪರ್ವತಯ್ಯನ ಮೈ ಜುಮ್ಮೆಂದಿತು. ಇಷ್ಟು ವರ್ಷ ಮಠದಲ್ಲಿದ್ದೂ ಇಂಥದ್ದನ್ನು ಅವನು ನೋಡಿರಲಿಲ್ಲ. ನರ್ಸು ಅವಳನ್ನು ಒಳಗೆ ಕರೆದೊಯ್ದಳು, ಪರದೆ ಕಪ್ಪಾಯಿತು.

ಆಮೇಲೆ ಶಿಷ್ಯ ಪಿಸುದನಿಯಲ್ಲಿ ಕೇಳಿದ, "ಅಜ್ಜಾರ, ಆ ಮಾತು ಯಾವ ಪ್ರವಚನದಾಗ ಹೇಳಿದ್ರಿ?"

ಗುರುಗಳು ಕಣ್ಣೊರೆಸಿಕೊಂಡರು.

"ನನಗ ನೆನಪಿಲ್ಲಪಾ. ಆಕೀಗೆ ಎಚ್ಚರಾಗಲಿ, ಇಬ್ರೂ ಕೇಳಿ ಕಲಿಯೂಣು."